ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ ಇದೆ: ಒಂದು ಕಾಯಿಲೆಯ ಕಥೆ

‘ಮೈಯೆಲ್ಲ ನೋವು ಕಣಪ್ಪ. ಎಲ್ಲಾ ಟೆಸ್ಟೂ ಮಾಡಿಸಿದ್ದಾಯ್ತು, ಏನೂ ಇಲ್ಲ ಅಂತಾರೆ.’

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಸುದ್ದಿಗೆಂದು ಹಳ್ಳಿ ಸುತ್ತುವಾಗ ಈ ಮಾತು ನಮಗೆ ಮತ್ತೆ ಮತ್ತೆ ಸಿಗುತ್ತದೆ. ಗುಂಡಿ ಮಗ್ಗದಲ್ಲಿ ಕಾಲಿಳಿಸಿ ರೇಷ್ಮೆ ಸೀರೆ ನೇಯುವವರು, ಕಂಬಳಿಗೆ ಉಣ್ಣೆ ನೂಲುವ ಅಜ್ಜಿಯರು, ಶೇಂಗಾ ಕೀಳುವ ಕೂಲಿ ಹೆಣ್ಣುಮಕ್ಕಳು ಇದನ್ನೇ ಹೇಳುತ್ತಾರೆ. ದುಡಿದ ಮೈ ನೋಯುತ್ತದೆ, ಮಲಗಿ ಎದ್ದರೆ ಇಳಿಯುತ್ತದೆ. ಕೆಲವರಿಗೆ ಮಾತ್ರ ತಿಂಗಳುಗಟ್ಟಲೆ ಇಳಿಯುವುದಿಲ್ಲ. ಮಲಗಿ ಎದ್ದರೂ ಸುಸ್ತು, ಜೊತೆಗೆ ಮರೆವು. ನೋಡಿದವರು ‘ಸೋಗು’ ಎನ್ನುತ್ತಾರೆ. ನಮ್ಮ ಚಿಕ್ಕಮ್ಮನಿಗೆ ಹಾಗೆಂದವರಲ್ಲಿ ನಾವೂ ಇದ್ದೆವು.

ಇದು ಸೋಗಲ್ಲ. ಇದಕ್ಕೆ ಫೈಬ್ರೊಮಯಾಲ್ಜಿಯ ಎಂಬ ಹೆಸರಿದೆ. ಆ ಹೆಸರಿನ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆಯಿದೆ.

1904ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗವರ್ಸ್ ಇಂಥ ನೋವಿಗೆ ‘ಫೈಬ್ರೊಸೈಟಿಸ್’ ಎಂದು ಹೆಸರಿಟ್ಟರು. ಮಾಂಸಖಂಡದ ಸುತ್ತಲ ನಾರಿನಲ್ಲಿ ಉರಿಯೂತ ಇದೆ ಎಂಬುದು ಅವರ ಊಹೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಉರಿಯೂತವೇ ಕಾಣಲಿಲ್ಲ. ಆದರೂ ಆ ಹೆಸರು ಎಪ್ಪತ್ತು ವರ್ಷ ಉಳಿಯಿತು.

1975ರಲ್ಲಿ ಕೆನಡಾದ ಮೊಲ್ಡೊಫ್‌ಸ್ಕಿ ಮತ್ತು ಜೊತೆಗಾರರು ಆರೋಗ್ಯವಂತರ ಗಾಢ ನಿದ್ದೆಯನ್ನು ಬೇಕೆಂದೇ ಕೆಡಿಸಿ ನೋಡಿದರು. ಅವರಿಗೂ ಮೈಕೈ ನೋವು ಶುರುವಾಯಿತು! ನಿದ್ದೆಗೂ ನೋವಿಗೂ ನಂಟಿದೆ ಎಂದು ಗೊತ್ತಾಯಿತು. ಮರುವರ್ಷ ‘ಫೈಬ್ರೊಮಯಾಲ್ಜಿಯ’ ಎಂಬ ಹೊಸ ಹೆಸರು ಬಂತು. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರು ಮೈಮೇಲೆ 18 ಜಾಗ ಗುರುತಿಸಿ, ಒತ್ತಿದಾಗ 11 ಕಡೆ ನೋವಾದರೆ ಈ ಕಾಯಿಲೆ ಎಂದರು. 2010ರಲ್ಲಿ ಆ ಲೆಕ್ಕ ಬಿಟ್ಟು, ನೋವಿನ ಜೊತೆ ನಿದ್ದೆ, ದಣಿವು, ಮರೆವನ್ನೂ ಕೇಳಿ ತೀರ್ಮಾನಿಸುವ ಪದ್ಧತಿ ತಂದರು. ನೋವನ್ನು ಮಿದುಳಿಗೆ ಮುಟ್ಟಿಸುವ ನರಗಳ ವ್ಯವಸ್ಥೆಯೇ ಅತಿ ಚುರುಕಾಗಿರುತ್ತದೆ ಎಂಬುದು ಇಂದಿನ ತಿಳಿವಳಿಕೆ. ರೇಡಿಯೋದ ಸೌಂಡ್ ಜಾಸ್ತಿ ಇಟ್ಟ ಹಾಗೆ, ಸಣ್ಣ ನೋವೂ ದೊಡ್ಡದಾಗಿ ಕೇಳಿಸುತ್ತದೆ. ರಕ್ತ ಪರೀಕ್ಷೆ, ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ.

ಉರಿಯೂತ ಇಲ್ಲದ ಕಡೆ ಉರಿಯೂತ ಇಳಿಸುವ ಗುಳಿಗೆ ಏನು ಮಾಡೀತು? ನಮ್ಮ ಕಡೆ ಇವತ್ತಿಗೂ ಮೈ ನೋವು ಎಂದರೆ ಸೂಜಿ, ನೋವಿನ ಗುಳಿಗೆ. 1904ರ ಊಹೆಗೆ ನಾವಿನ್ನೂ ದುಡ್ಡು ಕಟ್ಟುತ್ತಿದ್ದೇವೆ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿಗೂ ಪೆಟ್ಟು. ಲಕ್ಕಿ ಸೊಪ್ಪು ಕುದಿಸಿದ ಬಿಸಿನೀರು ಸ್ವಲ್ಪ ಹೊತ್ತು ಹಗುರ ಮಾಡಬಹುದು, ಅದರಲ್ಲಿ ತಪ್ಪಿಲ್ಲ. ಬರೆ ಹಾಕಿಸುವುದು ಮಾತ್ರ ಬೇಡವೇ ಬೇಡ.

ಹಾಗಾದರೆ ಮದ್ದು ಯಾವುದು? ರಾತ್ರಿ ಕಡಿಮೆ ಡೋಸ್‌ನಲ್ಲಿ ಕೊಡುವ ಅಮಿಟ್ರಿಪ್ಟಿಲಿನ್ ಕೆಲವರಿಗೆ ಅನುಕೂಲ ಎಂದು 1986ರ ಪರೀಕ್ಷೆಗಳು ತೋರಿಸಿದವು. 2007ರಲ್ಲಿ ಅಮೆರಿಕ ಸರ್ಕಾರ ಈ ಕಾಯಿಲೆಗೆಂದೇ ಮೊದಲ ಔಷಧಿಯಾಗಿ ಪ್ರಿಗಾಬಲಿನ್ ಒಪ್ಪಿತು. ಇವು ವೈದ್ಯರು ಬರೆದರಷ್ಟೇ. ಎಲ್ಲರಿಗೂ ಕೆಲಸ ಮಾಡುವುದಿಲ್ಲ, ತಲೆಸುತ್ತು, ಮಂಪರು ಬರಬಹುದು. ಯುರೋಪಿನ ತಜ್ಞರು 2016ರಲ್ಲಿ ಎಲ್ಲ ಅಧ್ಯಯನ ತೂಗಿ ನೋಡಿದಾಗ, ಪೂರ್ತಿ ಬಲದಿಂದ ಶಿಫಾರಸು ಮಾಡಿದ್ದು ಒಂದನ್ನೇ: ವ್ಯಾಯಾಮ.

‘ದಿನವಿಡೀ ದುಡಿಯೋರಿಗೆ ವ್ಯಾಯಾಮ ಯಾಕೆ?’ ಎಂದು ಚಿಕ್ಕಮ್ಮ ಕೇಳಿದ್ದರು. ಮಗ್ಗದ ಕೆಲಸ ಕೂತಲ್ಲೇ ಒಂದೇ ಭಂಗಿಯದು, ವ್ಯಾಯಾಮ ಬೇರೆ. ಮೊದಲು ಐದು ನಿಮಿಷ ನಡಿಗೆ, ವಾರವಾದ ಮೇಲೆ ಹತ್ತು. ಒಂದೇ ದಿನ ಜಾಸ್ತಿ ನಡೆದರೆ ನೋವು ಏರುತ್ತದೆ, ನಿಧಾನವೇ ಇಲ್ಲಿ ಮುಖ್ಯ.

ಒಂದು ಎಚ್ಚರಿಕೆ. ಎಲ್ಲ ಮೈ ನೋವೂ ಇದೇ ಅಲ್ಲ. ನಮ್ಮ ಎರಡೂ ತಾಲ್ಲೂಕಿನಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಹಳೆಯ ಸಮಸ್ಯೆ, ಅದೂ ಮೂಳೆ, ಕೀಲು ಹಿಡಿಯುತ್ತದೆ. ಥೈರಾಯ್ಡ್, ಸಂಧಿವಾತವೂ ಇರಬಹುದು. ಕೀಲು ಊದಿದರೆ, ಜ್ವರ ಬಂದರೆ, ತೂಕ ಇಳಿದರೆ ತಡಮಾಡದೆ ವೈದ್ಯರ ಬಳಿ ಹೋಗಿ. ‘ಏನೂ ಇಲ್ಲ’ ಎಂದರೆ ‘ಫೈಬ್ರೊಮಯಾಲ್ಜಿಯ ಇರಬಹುದಾ ಡಾಕ್ಟ್ರೇ?’ ಎಂದು ಕೇಳಿ.

ಚಿಕ್ಕಮ್ಮನ ನೋವು ಪೂರ್ತಿ ಹೋಗಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತಿದೆ, ಬೆಳಿಗ್ಗೆ ಕೆರೆ ಏರಿಯವರೆಗೆ ನಡೆದು ಬರುತ್ತಾರೆ. ಮನೆಯಲ್ಲಿ ಈಗ ಯಾರೂ ‘ಸೋಗು’ ಎನ್ನುವುದಿಲ್ಲ. ಅದೇ ಅರ್ಧ ನೋವು ಇಳಿಸಿತು ಎನ್ನುತ್ತಾರೆ ಅವರು.