ನೆರೆಯವನ ರಕ್ಷಣೆಯೂ ಬಲಪ್ರಯೋಗವೂ: ಕ್ರೈಸ್ತ ವಿಚಾರದ ಒಂದು ತೊಡಕು ಮತ್ತು ಘಟ್ಟದ ಮೇಲಿನ ಸೀಮೆಯ ಸಾಕ್ಷ್ಯ

ತನ್ನ ಮೇಲೆ ಬಂದ ಹಿಂಸೆಯನ್ನು ಸಹಿಸುವುದು ಒಂದು. ಕಣ್ಣೆದುರಿನಲ್ಲಿ ಮತ್ತೊಬ್ಬನ ಮೇಲೆ ನಡೆಯುವ ಹಿಂಸೆಯನ್ನು ಸಹಿಸುವುದು ಇನ್ನೊಂದು. ಮೊದಲನೆಯದು ಕ್ಷಮೆ ಎನಿಸಿಕೊಂಡರೆ ಎರಡನೆಯದು ಉಪೇಕ್ಷೆ ಎನಿಸಿಕೊಂಡೀತು. ಕ್ರೈಸ್ತ ಚಿಂತನೆಯಲ್ಲಿ ಶಾಂತಿವಾದದ ಚರ್ಚೆ ಬಹುಮಟ್ಟಿಗೆ ಈ ಅಂತರವನ್ನು ಹಿಡಿದೇ ಬೆಳೆದು ಬಂದಿದೆ. ಆ ಚರ್ಚೆಯನ್ನು ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ಧಾಪುರ, ಯಲ್ಲಾಪುರ ಸೀಮೆಯ ಇತಿಹಾಸದೊಡನೆ ಇಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆದಿಕಾಲದ ಕ್ರೈಸ್ತ ಲೇಖಕರಲ್ಲಿ ತೆರ್ತುಲಿಯನ್ ಮೊದಲಾದವರು ಕ್ರಿಸ್ತನ ಅನುಯಾಯಿಗೆ ಖಡ್ಗಧಾರಣೆ ಸಲ್ಲದೆಂದು ಬಗೆದರು. ನಾಲ್ಕನೆಯ ಶತಮಾನದಲ್ಲಿ ರೋಮನ್ ಚಕ್ರಾಧಿಪತ್ಯ ಕ್ರೈಸ್ತಮತವನ್ನು ಸ್ವೀಕರಿಸಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಮಿಲಾನಿನ ಅಂಬ್ರೋಸನು, ನೆರೆಯವನಿಗೆ ಒದಗಿದ ಕೇಡನ್ನು ತಡೆಯಬಲ್ಲವನಾಗಿಯೂ ತಡೆಯದವನು ಕೇಡುಗಾರನಷ್ಟೇ ಅಪರಾಧಿ ಎಂದನು. ಆಗಸ್ಟೀನನು (೩೫೪-೪೩೦) ಖಾಸಗಿ ವ್ಯಕ್ತಿ ತನ್ನ ಪ್ರಾಣವನ್ನು ಉಳಿಸಿಕೊಳ್ಳಲು ಕೊಲ್ಲುವುದನ್ನು ಒಪ್ಪಲಿಲ್ಲ. ಅಧಿಕಾರವುಳ್ಳವನು ಇತರರ ರಕ್ಷಣೆಗಾಗಿ ಬಲವನ್ನು ಬಳಸುವುದನ್ನು ಒಪ್ಪಿದನು. ಹದಿಮೂರನೆಯ ಶತಮಾನದಲ್ಲಿ ತಾಮಸ್ ಅಕ್ವಿನಾಸನು ಯುದ್ಧವು ನ್ಯಾಯವೆನಿಸಬೇಕಾದರೆ ರಾಜಾಧಿಕಾರ, ನ್ಯಾಯವಾದ ಕಾರಣ, ಶುದ್ಧವಾದ ಉದ್ದೇಶ ಎಂಬ ಮೂರು ನಿಬಂಧನೆಗಳಿರಬೇಕೆಂದು ವಿಧಿಸಿದನು. ಈ ವಾದದ ತಿರುಳು ಇಷ್ಟು: ನನ್ನ ಕೆನ್ನೆಯನ್ನು ಒಡ್ಡುವ ಹಕ್ಕು ನನಗುಂಟು, ನೆರೆಯವನ ಕೆನ್ನೆಯನ್ನು ಒಡ್ಡುವ ಹಕ್ಕು ನನಗಿಲ್ಲ.

ವಾದ ಬಲವಾದುದೇ ಸರಿ. ಆದರೆ ರಕ್ಷಣೆಗೆ ಅರ್ಹರು ಯಾರೆಂಬುದನ್ನು ಖಡ್ಗ ಹಿಡಿದವನೇ ತೀರ್ಮಾನಿಸುವಾಗ ಅದು ಎಲ್ಲಿಗೆ ಮುಟ್ಟೀತೆಂಬುದಕ್ಕೂ ಇತಿಹಾಸ ಸಾಕ್ಷಿ ನುಡಿಯುತ್ತದೆ. ೧೪೫೨ರಲ್ಲಿ ಪೋಪ್ ಐದನೆಯ ನಿಕೊಲಸನು ಪೋರ್ತುಗಾಲದ ದೊರೆಗೆ, ಮುಸಲ್ಮಾನರನ್ನೂ ಇತರ ಅನ್ಯಮತೀಯರನ್ನೂ ಜಯಿಸಿ ದಾಸ್ಯಕ್ಕೆ ಒಳಪಡಿಸಲು ಅನುಮತಿಯಿತ್ತನು. ಕ್ರೈಸ್ತ ಜಗತ್ತಿನ ರಕ್ಷಣೆಯ ಹೆಸರಿನಲ್ಲಿ ಎತ್ತಿದ ಖಡ್ಗ ಹೀಗೆ ಗುಲಾಮರ ವ್ಯಾಪಾರಕ್ಕೆ ಬೆಂಗಾವಲಾಯಿತು. ಆಫ್ರಿಕದಿಂದ ಗೋವೆಗೆ ತರಲ್ಪಟ್ಟ ಗುಲಾಮರಲ್ಲಿ ಹಲವರು ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ ಮೊದಲಾದ ತಾಲೂಕುಗಳ ಸಿದ್ಧಿ ಜನರಲ್ಲಿ ಅಂಥವರ ಸಂತತಿಯವರಿದ್ದಾರೆ. ಸಿದ್ಧಿಯರಲ್ಲಿ ಹಿಂದುಗಳೂ ಮುಸಲ್ಮಾನರೂ ಇರುವಂತೆ ಕ್ರೈಸ್ತರೂ ಇದ್ದಾರೆ. ೨೦೦೩ರಲ್ಲಿ ಈ ಜಿಲ್ಲೆಯ ಸಿದ್ಧಿಯರು ಪರಿಶಿಷ್ಟ ಪಂಗಡವೆಂದು ಮಾನ್ಯತೆ ಪಡೆದರು. ನ್ಯಾಯಯುದ್ಧದ ಸಿದ್ಧಾಂತವನ್ನು ತೂಗಿ ನೋಡುವವರು ಈ ಜನರ ಚರಿತ್ರೆಯನ್ನು ತಕ್ಕಡಿಯಿಂದ ಹೊರಗಿಡುವಂತಿಲ್ಲ.

ಖಡ್ಗವನ್ನು ಸಂಪೂರ್ಣವಾಗಿ ತ್ಯಜಿಸಿದ ಇನ್ನೊಂದು ಧಾರೆಯೂ ಕ್ರೈಸ್ತರಲ್ಲಿ ಬತ್ತಲಿಲ್ಲ. ಕ್ವೇಕರರು ೧೬೬೦ರಲ್ಲಿ ಇಂಗ್ಲೆಂಡಿನ ದೊರೆಗೆ ತಾವು ಯಾವ ಕಾರಣಕ್ಕೂ ಶಸ್ತ್ರ ಹಿಡಿಯುವುದಿಲ್ಲವೆಂದು ಘೋಷಿಸಿದರು. ಟಾಲ್‌ಸ್ಟಾಯ್ ನೆರೆಯವನ ರಕ್ಷಣೆ ಎಂಬ ಆಕ್ಷೇಪವನ್ನೂ ಎದುರಿಸಿ, ಬಲಪ್ರಯೋಗಕ್ಕೆ ಅದೂ ಸಮರ್ಥನೆಯಾಗಲಾರದೆಂದನು. ದಕ್ಷಿಣ ಆಫ್ರಿಕದಲ್ಲಿ ಆತನ ಗ್ರಂಥವನ್ನು ಓದಿ ಪ್ರಭಾವಿತರಾದ ಗಾಂಧೀಜಿ, ಈ ಒಂದು ವಿಷಯದಲ್ಲಿ ಆತನನ್ನು ಪೂರ್ಣವಾಗಿ ಅನುಸರಿಸಲಿಲ್ಲ. ೧೯೦೮ರಲ್ಲಿ ತಮ್ಮ ಮೇಲೆ ಮಾರಣಾಂತಿಕ ಹಲ್ಲೆ ನಡೆದಾಗ ತಾನು ಅಲ್ಲಿದ್ದಿದ್ದರೆ ಏನು ಮಾಡಬೇಕಾಗಿತ್ತೆಂದು ಹಿರಿಯ ಮಗನು ಕೇಳಲು, ಬಲವನ್ನು ಬಳಸಿಯಾದರೂ ತಂದೆಯನ್ನು ರಕ್ಷಿಸುವುದು ಅವನ ಕರ್ತವ್ಯವಾಗಿತ್ತೆಂದು ಉತ್ತರಿಸಿದುದಾಗಿ ಅವರು ೧೯೨೦ರಲ್ಲಿ ಬರೆದರು. ಹೇಡಿತನಕ್ಕಿಂತ ಹಿಂಸೆ ಲೇಸು. ಹಿಂಸೆಗಿಂತ ಅಹಿಂಸೆ ಅನಂತಪಾಲು ಶ್ರೇಷ್ಠ ಎಂಬುದು ಅವರ ನಿಲುವಾಗಿತ್ತು.

ಈ ನಿಲುವು ಒರೆಗೆ ಹತ್ತಿದ ಸ್ಥಳಗಳಲ್ಲಿ ಸಿದ್ಧಾಪುರ ಒಂದು. ೧೯೩೦-೩೪ರ ಕಾಯಿದೆಭಂಗ ಚಳವಳಿಯ ಕಾಲದಲ್ಲಿ ಸಿದ್ಧಾಪುರ, ಅಂಕೋಲೆಗಳ ರೈತರು ಭೂಕಂದಾಯವನ್ನು ಕೊಡಲು ನಿರಾಕರಿಸಿದರು. ಗಂಡಸರು ಸೆರೆಮನೆ ಸೇರಿದರು. ಹೊಲ, ಮನೆ, ತೋಟಗಳು ಮುಟ್ಟುಗೋಲಾಗಿ ಹರಾಜಾದವು. ಇಲ್ಲಿ ಅಂಬ್ರೋಸನ ಪ್ರಶ್ನೆ ಹೊಸ ರೂಪದಲ್ಲಿ ಎದ್ದು ನಿಲ್ಲುತ್ತದೆ. ಕಷ್ಟವನ್ನು ವರಿಸಿದವನು ಮನೆಯ ಯಜಮಾನ; ಬೀದಿಗೆ ಬಿದ್ದವರು ಹೆಂಡತಿ, ಮಕ್ಕಳು, ವೃದ್ಧರು. ಅವರ ಪಾಲಿನ ಕಷ್ಟವನ್ನು ವರಿಸಲು ಆತನಿಗೆ ಅಧಿಕಾರವೆಲ್ಲಿಯದು?

ಸಿದ್ಧಾಪುರದ ಹೆಣ್ಣುಮಕ್ಕಳು ಈ ಪ್ರಶ್ನೆಗೆ ತಾವೇ ಉತ್ತರ ಕೊಟ್ಟರು. ಹರಾಜಿನಲ್ಲಿ ಆಸ್ತಿಯನ್ನು ಕೊಂಡವರ ಮನೆಬಾಗಿಲಲ್ಲಿ ಕುಳಿತು ಉಪವಾಸ ಸತ್ಯಾಗ್ರಹ ಹೂಡಿದರು. ರಕ್ಷಣೆಗೆ ಪಾತ್ರರೆಂದು ಲೋಕವು ಎಣಿಸಿದ್ದವರು ತಾವೇ ರಕ್ಷಕರಾದರು. ಮಾವಿನಗುಂಡಿಯ ಸ್ಮಾರಕ ಈ ಮಹಿಳೆಯರ ತ್ಯಾಗವನ್ನು ನೆನಪಿಸುತ್ತದೆ. ೧೯೩೪ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಶಿರಸಿ, ಸಿದ್ಧಾಪುರಗಳಿಗೆ ಬಂದರು. ೧೯೩೭ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ರಚಿತವಾದ ಮೇಲೆ, ಮುಟ್ಟುಗೋಲಾದ ಭೂಮಿಯನ್ನು ಹಿಂದಿರುಗಿಸುವ ಏರ್ಪಾಡಾಯಿತು.

ಆದರೂ ಈ ಉತ್ತರದ ಮಿತಿಯನ್ನು ಗುರುತಿಸುವುದು ಇತಿಹಾಸಕಾರನ ಕರ್ತವ್ಯ. ಅಮೆರಿಕದ ಕ್ರೈಸ್ತ ಚಿಂತಕ ರೈನ್‌ಹೋಲ್ಡ್ ನೀಬರ್ ೧೯೩೨ರಲ್ಲಿಯೇ, ಅಹಿಂಸಾತ್ಮಕ ಪ್ರತಿಭಟನೆಯೂ ಒಂದು ಬಗೆಯ ಒತ್ತಾಯವೆಂದೂ ಅದರ ಪೆಟ್ಟು ನಿರಪರಾಧಿಗಳಿಗೂ ತಗಲುವುದೆಂದೂ ತೋರಿಸಿದ್ದನು. ನೆರೆಯವನ ಬಾಗಿಲಿನ ಉಪವಾಸವೂ ಒತ್ತಾಯದಿಂದ ಮುಕ್ತವಲ್ಲ. ಮೇಲಾಗಿ ಅಲ್ಲಿ ಎದುರಾಳಿ ಹರಾಜು ಹಾಕುವ ಸರಕಾರ. ಕೊಂಡವನು ಮುಖಪರಿಚಯದ ನೆರೆಯವ. ಗುಲಾಮರ ಹಡಗನ್ನು ನಡೆಸಿದ ನಾವಿಕನ ಬಾಗಿಲಲ್ಲಿ ಉಪವಾಸ ಕೂರುವ ಅವಕಾಶ ಸಿದ್ಧಿಯರ ಪೂರ್ವಜರಿಗೆ ಇರಲಿಲ್ಲ. ಅವರ ಪರವಾಗಿ ಯಾರಾದರೂ ಬಲವನ್ನು ಬಳಸಿ ಆ ಹಡಗನ್ನು ತಡೆದಿದ್ದರೆ ಅದನ್ನು ಅಧರ್ಮವೆನ್ನುವುದು ಸುಲಭವಲ್ಲ.

ಹೀಗೆ ಒಂದೇ ಸೀಮೆಯ ಎರಡು ಚರಿತ್ರೆಗಳು ಎರಡು ಧಾರೆಗಳನ್ನೂ ಪರೀಕ್ಷೆಗೆ ಒಡ್ಡುತ್ತವೆ. ರಕ್ಷಣೆಯ ಹೆಸರಿನಲ್ಲಿ ಬಲವನ್ನು ಬಳಸುವವನಿಗೆ, ರಕ್ಷಿತರಾದವರು ಯಾರೆಂದು ಯಲ್ಲಾಪುರದ ಕಾಡು ಕೇಳುತ್ತದೆ. ಅಹಿಂಸೆಯನ್ನು ಬೋಧಿಸುವವನಿಗೆ, ಅದರ ಬೆಲೆಯನ್ನು ತೆರುವವರು ಯಾರೆಂದು ಸಿದ್ಧಾಪುರದ ಹರಾಜು ಕೇಳುತ್ತದೆ. ಸಂಕಟಕ್ಕೆ ಒಳಗಾದವರ ಸಮ್ಮತಿಯನ್ನೂ ಪಾತ್ರವನ್ನೂ ಲೆಕ್ಕಕ್ಕೆ ತಾರದ ಯಾವ ಸಿದ್ಧಾಂತವೂ, ಖಡ್ಗದ ಪರವಾಗಿರಲಿ ವಿರುದ್ಧವಾಗಿರಲಿ, ಈ ಎರಡು ಪ್ರಶ್ನೆಗಳಿಗೆ ಸಮರ್ಪಕವಾದ ಉತ್ತರವನ್ನು ಕೊಡಲಾರದು.