ಗರಿಷ್ಠ ಆಮ್ಲಜನಕ ಬಳಕೆ

ತನ್ನ ಶಕ್ತಿಯೆಲ್ಲವನ್ನೂ ಹಾಕಿ ದುಡಿಯುತ್ತಿರುವ ದೇಹ ಒಂದು ನಿಮಿಷದಲ್ಲಿ ಅತಿ ಹೆಚ್ಚೆಂದರೆ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲದು ಎಂಬುದರ ಅಳತೆ. ಕ್ರೀಡಾವಲಯದಲ್ಲಿ ಇದಕ್ಕೆ ‘ವಿಓ2 ಮ್ಯಾಕ್ಸ್’ ಎಂಬ ಹೆಸರೇ ರೂಢಿ. ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಇಷ್ಟು ಮಿಲಿಲೀಟರ್ ಎಂದು ಇದನ್ನು ಲೆಕ್ಕ ಹಾಕುತ್ತಾರೆ. ಆರೋಗ್ಯವಂತ ತರುಣರಲ್ಲಿ ಇದು ಸಾಮಾನ್ಯವಾಗಿ 40–45ರ ಆಸುಪಾಸಿನಲ್ಲಿರುತ್ತದೆ. ಅಂತಾರಾಷ್ಟ್ರೀಯ ಮಟ್ಟದ ದೂರದೋಟಗಾರರು, ಸೈಕಲ್ ಸ್ಪರ್ಧಿಗಳು ಮತ್ತು ಸ್ಕೀ ಪಟುಗಳಲ್ಲಿ 70ರಿಂದ 85ರವರೆಗೂ ಹೋಗುತ್ತದೆ. ಉನ್ನತ ಮಟ್ಟದ ಕ್ರೀಡಾಸಾಮರ್ಥ್ಯವನ್ನು ವಿಜ್ಞಾನ ಅರ್ಥ ಮಾಡಿಕೊಂಡ ಚರಿತ್ರೆಯ ಬಹುಪಾಲು ಈ ಒಂದು ಅಂಕಿಯ ಸುತ್ತಲೇ ಬೆಳೆದಿದೆ.

ದುಡಿಮೆಗೂ ಆಮ್ಲಜನಕಕ್ಕೂ ಇರುವ ನಂಟನ್ನು ಮೊದಲು ಅಳೆದು ತೋರಿಸಿದವನು ಫ್ರಾನ್ಸಿನ ಲವಾಸಿಯೇ. 1790ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಅವನ ಸಹಾಯಕ ಸೆಗ್ವಾಂ ಮುಖಕ್ಕೆ ಮುಖವಾಡ ಕಟ್ಟಿಕೊಂಡು, ಕಾಲಿನಿಂದ ಪೆಡಲು ಒತ್ತುತ್ತ, ಉಸಿರನ್ನು ಅಳತೆಗೆ ಒಪ್ಪಿಸಿದ. ಲವಾಸಿಯೇಯ ಹೆಂಡತಿ ಮರೀ ಆನ್ ಆ ಪ್ರಯೋಗದ ಚಿತ್ರ ಬರೆದಿದ್ದಾಳೆ; ಪಕ್ಕದ ಮೇಜಿನಲ್ಲಿ ಕುಳಿತು ಲೆಕ್ಕ ಬರೆದುಕೊಳ್ಳುತ್ತಿರುವವಳು ಅವಳೇ. 1794ರಲ್ಲಿ ಲವಾಸಿಯೇ ಗಿಲೊಟಿನ್‌ಗೆ ಬಲಿಯಾದ. ಮನುಷ್ಯನ ದುಡಿಮೆಯ ಅಧ್ಯಯನ ಇಷ್ಟೇ ಗಂಭೀರವಾಗಿ ಮತ್ತೆ ಕೈಗೆತ್ತಿಕೊಳ್ಳಲು ಬಹುಕಾಲ ಹಿಡಿಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡು ಉಪಕರಣಗಳು ದಾರಿ ತೆರೆದವು. ಒಂದು, ಕೋಪನ್‌ಹೇಗನ್ನಿನ ಆಗಸ್ಟ್ ಕ್ರೋಗ್ ರೂಪಿಸಿದ, ದುಡಿಮೆಯನ್ನು ನಿಖರವಾಗಿ ಅಳೆಯುವ ನಿಂತಲ್ಲೇ ತುಳಿಯುವ ಸೈಕಲ್. ಇನ್ನೊಂದು, 1911ರಲ್ಲಿ ಬಂದ ಡಗ್ಲಸ್ ಚೀಲ. ಗಾಳಿ ಸೋರದ ಈ ದೊಡ್ಡ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು, ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಯಲ್ಲಿ ಕೊಳವೆ ಕಚ್ಚಿಕೊಂಡವರು ಪ್ರಯೋಗಾಲಯದ ಹೊರಗೂ ಓಡಬಹುದಿತ್ತು. ಬಿಟ್ಟ ಉಸಿರೆಲ್ಲ ಚೀಲ ಸೇರುತ್ತದೆ. ಆಮೇಲೆ ಅದರ ಪರಿಮಾಣವನ್ನೂ ಅದರಲ್ಲಿ ಉಳಿದ ಆಮ್ಲಜನಕವನ್ನೂ ಅಳೆದರೆ ದೇಹ ಎಷ್ಟು ಬಳಸಿತೆಂಬುದು ತಿಳಿಯುತ್ತದೆ.

ಈ ಚೀಲ ಕಟ್ಟಿಕೊಂಡು ಮ್ಯಾಂಚೆಸ್ಟರಿನ ಹುಲ್ಲುಹಾಸಿನ ಮೇಲೆ ಸುತ್ತು ಹಾಕಿದವರಲ್ಲಿ ಎ. ವಿ. ಹಿಲ್ ಮುಖ್ಯನು. ಸ್ನಾಯುಗಳಲ್ಲಿ ಶಾಖ ಹುಟ್ಟುವ ಬಗೆಯನ್ನು ಕುರಿತ ಸಂಶೋಧನೆಗಾಗಿ ಆಟೊ ಮೆಯರ್‌ಹಾಫ್ ಜೊತೆ 1922ರ ನೊಬೆಲ್ ಪಡೆದ ಹಿಲ್, ತಾನೂ ಓಟಗಾರ. ತನ್ನ ದೇಹವನ್ನೇ ಪ್ರಯೋಗಕ್ಕೆ ಒಡ್ಡಿದ. ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ಏರುತ್ತದೆ, ಆದರೆ ನಿಮಿಷಕ್ಕೆ ಸುಮಾರು 4 ಲೀಟರ್ ತಲುಪಿದ ಮೇಲೆ ಎಷ್ಟೇ ಜೋರಾಗಿ ಓಡಿದರೂ ಹೆಚ್ಚುವುದಿಲ್ಲ ಎಂಬುದು ಅವನು ಕಂಡದ್ದು. 1923ರಲ್ಲಿ ಲಪ್ಟನ್ ಜೊತೆ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ದೇಹದ ಮೇಲ್ಮಿತಿ ಎಂದ. ಮಿತಿಗೆ ಮುಖ್ಯ ಕಾರಣ ಹೃದಯ ಪಂಪು ಮಾಡಬಲ್ಲ ರಕ್ತದ ಪ್ರಮಾಣ ಎಂಬ ಅವನ ಊಹೆಯನ್ನು ಇಂದಿಗೂ ಬಹುಪಾಲು ವಿಜ್ಞಾನಿಗಳು ಒಪ್ಪುತ್ತಾರೆ. ಲ್ಯಾಕ್ಟಿಕ್ ಆಮ್ಲವೇ ದಣಿವಿನ ಮೂಲ ಎಂದು ಆ ಕಾಲದಲ್ಲಿ ಬೇರೂರಿದ ನಂಬಿಕೆ ಮಾತ್ರ ನಿಲ್ಲಲಿಲ್ಲ. ಲ್ಯಾಕ್ಟೇಟ್ ಕಸವಲ್ಲ, ಹೃದಯವೂ ಸ್ನಾಯುಗಳೂ ಉರಿಸುವ ಇಂಧನ ಎಂದು 1980ರ ದಶಕದಲ್ಲಿ ಅಮೆರಿಕದ ಜಾರ್ಜ್ ಬ್ರೂಕ್ಸ್ ವಾದಿಸಿದರು. ಮೈದಾನದ ಮಾತಿನಲ್ಲಿ ಹಳೆಯ ನಂಬಿಕೆ ಇನ್ನೂ ಉಳಿದುಕೊಂಡಿರುವುದು ವಿಷಾದದ ಸಂಗತಿ.

1927ರಿಂದ 1947ರವರೆಗೆ ಇದ್ದ ಹಾರ್ವರ್ಡಿನ ದಣಿವು ಪ್ರಯೋಗಾಲಯ ಈ ಅಧ್ಯಯನಕ್ಕೆ ಸಂಸ್ಥೆಯ ರೂಪ ಕೊಟ್ಟಿತು. ಅಲ್ಲಿನವರು ಅಳೆದ ಓಟಗಾರರಲ್ಲಿ ಎರಡು ಮೈಲಿಯ ದಾಖಲೆವೀರ ಡಾನ್ ಲ್ಯಾಷ್ ಒಬ್ಬ. ಅವನ ಅಂಕಿ 81.5.

ಇದುವರೆಗೆ ಅಳೆದದ್ದೆಲ್ಲ ಹೆಚ್ಚಾಗಿ ಗಂಡಸರನ್ನೇ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಿನಲ್ಲಿ ಮಹಿಳೆಯರ 800 ಮೀಟರ್ ಓಟ ಮುಗಿದಾಗ ಕೆಲವರು ದಣಿದು ಹುಲ್ಲಿನ ಮೇಲೆ ಮಲಗಿದ್ದನ್ನೇ ಪತ್ರಿಕೆಗಳು ಉತ್ಪ್ರೇಕ್ಷಿಸಿದವು. ಅದರ ಬೆನ್ನಿಗೇ ಕೈಬಿಟ್ಟ ಆ ಸ್ಪರ್ಧೆ ಒಲಿಂಪಿಕ್ಸಿಗೆ ಮರಳಿದ್ದು 1960ರಲ್ಲಿ. ಯಾವ ಅಳತೆಯೂ ಇಲ್ಲದೆ ಮಾಡಿದ ಈ ಅನ್ಯಾಯಕ್ಕೆ ಉತ್ತರ ಸ್ಟಾಕ್‌ಹೋಮಿನಿಂದ ಬಂತು. ಪೆರ್ ಊಲೋಫ್ ಆಸ್ಟ್ರಾಂಡ್ 1952ರ ತನ್ನ ಪ್ರಬಂಧಕ್ಕಾಗಿ ಮಕ್ಕಳು, ಹೆಂಗಸರು, ಗಂಡಸರು ಎಲ್ಲರನ್ನೂ ಒಂದೇ ಶಿಸ್ತಿನಲ್ಲಿ ಅಳೆದ. ಹೆಂಗಸರಲ್ಲಿ ಅಂಕಿ ಕಡಿಮೆ ಬರುವುದಕ್ಕೆ ಮೈಕೊಬ್ಬಿನ ಪಾಲು, ರಕ್ತದ ಹಿಮೋಗ್ಲೋಬಿನ್ ಮುಖ್ಯ ಕಾರಣಗಳು. ದೂರ ಓಡಲಾರದ ದೌರ್ಬಲ್ಯವೇನೂ ಅಲ್ಲ. ಆದರೂ ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸಿಗೆ ಸೇರಲು 1984 ಬರಬೇಕಾಯಿತು.

ಸ್ವೀಡನ್ನಿನಲ್ಲೇ ಬರ್ಗ್‌ಸ್ಟ್ರಾಮ್ ಮತ್ತು ಹುಲ್ಟ್‌ಮನ್ ಮತ್ತೊಂದು ಸೊಗಸಾದ ಪ್ರಯೋಗ ನಡೆಸಿದರು. ಒಂದೇ ಸೈಕಲ್ಲಿನ ಎರಡು ಪಕ್ಕ ಕುಳಿತು, ಒಬ್ಬೊಬ್ಬರೂ ಒಂದೇ ಕಾಲಿನಿಂದ ಬಸವಳಿಯುವವರೆಗೆ ತುಳಿದರು. ನಂತರದ ದಿನಗಳಲ್ಲಿ ಪಿಷ್ಟ ಹೆಚ್ಚಿರುವ ಊಟ ಮಾಡುತ್ತ, ತೊಡೆಯಿಂದ ಸೂಜಿಯಲ್ಲಿ ಸ್ನಾಯುವಿನ ಚೂರು ತೆಗೆದು ನೋಡಿದರು. ದುಡಿದ ಕಾಲಿನಲ್ಲಿ ಗ್ಲೈಕೋಜೆನ್, ಅಂದರೆ ಸ್ನಾಯು ಕೂಡಿಟ್ಟುಕೊಳ್ಳುವ ಪಿಷ್ಟ, ಸುಮಾರು ಇಮ್ಮಡಿಯಾಗಿತ್ತು. ಸುಮ್ಮನಿದ್ದ ಕಾಲಿನಲ್ಲಿ ಹಾಗಾಗಿರಲಿಲ್ಲ. 1966ರ ಈ ಫಲಿತಾಂಶದಿಂದಲೇ ಮ್ಯಾರಥಾನಿಗೆ ಮುನ್ನ ಅನ್ನ, ಬ್ರೆಡ್ಡು, ಪಾಸ್ತಾ ಹೆಚ್ಚಾಗಿ ತಿನ್ನುವ ಪದ್ಧತಿ ಗಟ್ಟಿಯಾಯಿತು.

1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೊ ನಗರ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯಲ್ಲಿ ಆಮ್ಲಜನಕದ ಶೇಕಡಾವಾರು ಪಾಲು ಎಲ್ಲೆಡೆಯಂತೆಯೇ. ಒತ್ತಡ ಕಡಿಮೆಯಾದ್ದರಿಂದ ರಕ್ತಕ್ಕೆ ಸೇರುವುದು ಕಡಿಮೆ. ವಿಶ್ವದಾಖಲೆಯ ಓಟಗಾರ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ 10,000 ಮೀಟರ್ ಮುಗಿಸಿ ಕುಸಿದುಬಿದ್ದ. ಕೆನ್ಯಾದ ಎತ್ತರದ ನಾಡಿನಲ್ಲಿ ಬೆಳೆದ ಕಿಪ್ ಕೀನೊ 1500 ಮೀಟರನ್ನು 3 ನಿಮಿಷ 34.9 ಸೆಕೆಂಡಿನಲ್ಲಿ ಗೆದ್ದ. ಎತ್ತರದಲ್ಲಿ ವಾರಗಟ್ಟಲೆ ಇದ್ದರೆ ಮೂತ್ರಪಿಂಡ ಎರಿಥ್ರೊಪೊಯೆಟಿನ್ (ಇಪಿಒ) ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸಿ ಕೆಂಪು ರಕ್ತಕಣಗಳನ್ನು ಬೆಳೆಸುತ್ತದೆ. ಎತ್ತರದಲ್ಲಿ ವಾಸ, ತಗ್ಗಿನಲ್ಲಿ ವೇಗದ ತರಬೇತಿ ಎಂಬ ಸೂತ್ರವನ್ನು 1997ರಲ್ಲಿ ಲೆವೀನ್ ಮತ್ತು ಸ್ಟ್ರೇ-ಗುಂಡರ್ಸನ್ ಪ್ರಯೋಗದಿಂದ ಸಮರ್ಥಿಸಿದರು. ನಮ್ಮ ಪಕ್ಕದ ಊಟಿಯ ಎತ್ತರವೂ ಹೆಚ್ಚುಕಡಿಮೆ ಮೆಕ್ಸಿಕೊ ನಗರದಷ್ಟೇ. ಭಾರತದ ಓಟಗಾರರು ಅಲ್ಲಿ ಶಿಬಿರ ಹೂಡುವುದು ಇದಕ್ಕಾಗಿಯೇ.

ಇದೇ ಹಾರ್ಮೋನು ಕ್ರೀಡೆಯ ಕಳಂಕವೂ ಆಯಿತು. ಮೂತ್ರಪಿಂಡ ರೋಗಿಗಳಿಗೆಂದು 1989ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಇಪಿಒ ಚುಚ್ಚುಮದ್ದು ಬೇಗನೆ ಸೈಕಲ್ ಸ್ಪರ್ಧಿಗಳ ಕೈಸೇರಿತು. ಅದನ್ನು ನಿಷೇಧಿಸಿ ವರ್ಷಗಳೇ ಕಳೆದ ಮೇಲೆ, 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ, ಪತ್ತೆ ಪರೀಕ್ಷೆ ಬಂತು. ಫಿನ್ಲೆಂಡಿನ ಸ್ಕೀ ಪಟು ಈರೊ ಮ್ಯಾಂಟಿರಾಂಟಾನದು ಬೇರೆಯೇ ಕಥೆ: ಆ ಹಾರ್ಮೋನಿಗೆ ಅತಿಯಾಗಿ ಸ್ಪಂದಿಸುವ ಜೀನು ಅವನ ವಂಶದಲ್ಲೇ ಇತ್ತೆಂದು 1993ರಲ್ಲಿ ಗೊತ್ತಾಯಿತು. ಏಳು ಒಲಿಂಪಿಕ್ ಪದಕಗಳ ಅವನ ರಕ್ತ ಹುಟ್ಟಿನಿಂದಲೇ ದಟ್ಟ.

ಅಷ್ಟಾದರೂ ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಗೆಲುವು ಬರುವುದಿಲ್ಲ. 1972ರ ಮ್ಯೂನಿಕ್ ಮ್ಯಾರಥಾನ್ ಗೆದ್ದ ಫ್ರಾಂಕ್ ಶಾರ್ಟರ್‌ನದು ಸುಮಾರು 71 ಮಾತ್ರ. ಗರಿಷ್ಠದ ಎಷ್ಟು ಪಾಲನ್ನು ಎರಡು ಗಂಟೆ ಕಾಲ ಹಿಡಿದಿಡಬಲ್ಲರು, ಅದೇ ಆಮ್ಲಜನಕದಲ್ಲಿ ಎಷ್ಟು ದೂರ ಓಡಬಲ್ಲರು—ವಾಹನದ ಮೈಲೇಜಿನ ಹಾಗೆ—ಎಂಬುವು ಅಷ್ಟೇ ಮುಖ್ಯ. ಈ ಮೂರನ್ನೂ ಸೇರಿಸಿ ಮೈಕಲ್ ಜಾಯ್ನರ್ 1991ರಲ್ಲಿ ಲೆಕ್ಕ ಹಾಕಿ, ಮ್ಯಾರಥಾನಿನ ಸಂಭವನೀಯ ಮಿತಿ 1 ಗಂಟೆ 57 ನಿಮಿಷ 58 ಸೆಕೆಂಡು ಎಂದರು. ಆಗಿನ ದಾಖಲೆ 2:06:50. ಎಲಿಯುಡ್ ಕಿಪ್ಚೋಗೆ 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ, ಸರದಿಯ ಮೇಲೆ ಬಂದ ಸಹ ಓಟಗಾರರ ಮರೆಯಲ್ಲಿ, 1:59:40ರಲ್ಲಿ ಓಡಿದ. ಅದು ಅಧಿಕೃತ ದಾಖಲೆಯಾಗಲಿಲ್ಲ. ಎರಡು ಗಂಟೆಯ ಗಡಿ ದಾಟುವ ಯೋಜನೆಗಾಗಿ ಪರೀಕ್ಷಿಸಿದ 16 ಅಗ್ರ ಓಟಗಾರರ ವಿವರ ಆಮೇಲೆ ಪ್ರಕಟವಾಯಿತು. ಅವರ ಸರಾಸರಿ ಅಂಕಿ 71ರ ಸುಮಾರಿನಲ್ಲಿತ್ತು. ಡಾನ್ ಲ್ಯಾಷ್‌ನ ಅಂಕಿಗಿಂತ ಹತ್ತು ಕಡಿಮೆ.