ಒಂದು ಗಂಟೆಯ ಕೂಲಿ: ಫಾಲ್ ರಿವರ್ ಊರಿನ ವಿದ್ಯಾರ್ಥಿವೇತನದ ಕಥೆ

ಬಾಸ್ಟನ್‌ನಿಂದ ದಕ್ಷಿಣಕ್ಕೆ ಸುಮಾರು 50 ಮೈಲಿ ಹೋದರೆ ಫಾಲ್ ರಿವರ್ ಎಂಬ ಊರು ಸಿಗುತ್ತದೆ. ಅಲ್ಲಿ ಇಂದಿಗೂ ನಿಂತಿರುವ ದೊಡ್ಡ ದೊಡ್ಡ ಕಲ್ಲಿನ ಕಟ್ಟಡಗಳು ಒಂದು ಕಾಲದ ಹತ್ತಿ ಗಿರಣಿಗಳು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯನ್ನು ಕಂಡಿರುವ ಹಿರಿಯರಿಗೆ ಈ ಊರಿನ ಕಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಮೆರಿಕದ ಅತಿ ದೊಡ್ಡ ಬಟ್ಟೆ ನೇಯುವ ಊರುಗಳಲ್ಲಿ ಒಂದಾಗಿದ್ದ ಇದು 1920ರ ದಶಕದಲ್ಲಿ ಬೀಳತೊಡಗಿತು. ಗಿರಣಿಗಳು ಅಗ್ಗದ ಕೂಲಿ ಹುಡುಕಿಕೊಂಡು ದಕ್ಷಿಣದ ರಾಜ್ಯಗಳಿಗೆ ಹೋದವು. 1928ರಲ್ಲಿ ಊರಿನ ನಡುಭಾಗ ಬೆಂಕಿಗೆ ಸುಟ್ಟುಹೋಯಿತು. 1931ರಲ್ಲಿ ನಗರಸಭೆಯ ಬೊಕ್ಕಸ ಬರಿದಾಗಿ, ಲೆಕ್ಕಪತ್ರವನ್ನು ರಾಜ್ಯ ಸರ್ಕಾರವೇ ಕೈಗೆ ತೆಗೆದುಕೊಂಡಿತು. ಮುಂದೆ ಖಾಲಿ ಗಿರಣಿಗಳಿಗೆ ಬಟ್ಟೆ ಹೊಲಿಯುವ ಕಾರ್ಖಾನೆಗಳು ಬಂದವು. ಪೋರ್ಚುಗೀಸ್, ಫ್ರೆಂಚ್ ಕೆನಡಿಯನ್, ಐರಿಷ್, ಪೋಲಿಷ್ ಮನೆಗಳ ಹೆಂಗಸರು ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತರು.

ಇಂಥ ಊರಿನಿಂದ ಅಮೆರಿಕದ ಅತಿ ದೊಡ್ಡ ವಿದ್ಯಾರ್ಥಿವೇತನ ಸಂಸ್ಥೆಗಳಲ್ಲಿ ಒಂದು ಹುಟ್ಟಿತು. ಹುಟ್ಟಿಸಿದವರು ಸಿರಿವಂತರಲ್ಲ. ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುತ್ತಿದ್ದ ಡಾಕ್ಟರ್ ಅರ್ವಿಂಗ್ ಫ್ರಾಡ್ಕಿನ್. ವಲಸೆ ಬಂದ ಯಹೂದಿ ಕುಟುಂಬದ ಮಗ. ಕನ್ನಡಕಕ್ಕೆಂದು ಬರುತ್ತಿದ್ದ ಹೈಸ್ಕೂಲ್ ಮಕ್ಕಳನ್ನು ಅವರು "ಮುಂದೇನು ಓದುತ್ತೀಯ?" ಎಂದು ಕೇಳುತ್ತಿದ್ದರು. ಕಾಲೇಜಿಗೆ ದುಡ್ಡಿಲ್ಲ ಎಂಬ ಉತ್ತರ ಮತ್ತೆ ಮತ್ತೆ ಬರುತ್ತಿತ್ತು. 1957ರಲ್ಲಿ ಅವರು ಊರಿನ ಶಾಲಾ ಸಮಿತಿಯ ಚುನಾವಣೆಗೆ ನಿಂತರು. ಓದುವ ಆಸೆ ಇರುವ ಮಕ್ಕಳಿಗೆ ಕಾಲೇಜಿನ ಹಣ ಒದಗಿಸಬೇಕು ಎಂಬುದೇ ಅವರ ಘೋಷಣೆ. ಚುನಾವಣೆಯಲ್ಲಿ ಸೋತರು.

ಸೋತ ಮೇಲೆ ಹೆಚ್ಚಿನವರು ಘೋಷಣೆಯನ್ನು ಮಡಚಿಡುತ್ತಾರೆ. ಫ್ರಾಡ್ಕಿನ್ ಅದನ್ನೇ ಕೆಲಸ ಮಾಡಿಕೊಂಡರು. ಊರಿನಲ್ಲಿ ಸುಮಾರು 1 ಲಕ್ಷ ಜನರಿದ್ದಾರೆ, ಒಬ್ಬೊಬ್ಬರು 1 ಡಾಲರ್ ಕೊಟ್ಟರೆ 1 ಲಕ್ಷ ಡಾಲರ್ ಆಗುತ್ತದೆ. ಮೂರನೇ ತರಗತಿಯ ಲೆಕ್ಕ ಅಷ್ಟೇ. 1958ರಲ್ಲಿ ಊರಿನ ಜನರನ್ನು ಸೇರಿಸಿಕೊಂಡು ನಾಗರಿಕರ ವಿದ್ಯಾರ್ಥಿವೇತನ ನಿಧಿಯೊಂದನ್ನು ಆರಂಭಿಸಿದರು. ಜನರ ಬಾಯಲ್ಲಿ ಅದಕ್ಕೆ "ಡಾಲರ್ಸ್ ಫಾರ್ ಸ್ಕಾಲರ್ಸ್" ಎಂಬ ಹೆಸರು ನಿಂತಿತು. ಊರಿನವರೆಲ್ಲ ಒಂದೇ ಸಲಕ್ಕೆ ಕೊಟ್ಟುಬಿಟ್ಟರು ಎಂದೇನೂ ಅಲ್ಲ. ಮೊದಲ ವರ್ಷ ಕೂಡಿದ್ದು 1 ಲಕ್ಷದಿಂದ ಬಹಳ ದೂರವೇ ಇತ್ತು. ಆದರೂ ಆ ವರ್ಷವೇ ಊರಿನ ಮಕ್ಕಳಿಗೆ ಹಣ ಹಂಚಿದರು.

ಒಂದು ಡಾಲರ್ ಎಂದರೆ ಈಗ ನಮಗೆ ಏನೂ ಅಲ್ಲ. ಆದರೆ 1958ರಲ್ಲಿ ಅಮೆರಿಕದ ಕನಿಷ್ಠ ಕೂಲಿ ಗಂಟೆಗೆ ಸರಿಯಾಗಿ 1 ಡಾಲರ್ ಇತ್ತು. ಅಂದರೆ ಫ್ರಾಡ್ಕಿನ್ ಕೇಳಿದ್ದು ಒಂದು ಗಂಟೆಯ ದುಡಿಮೆಯನ್ನು. ಇವತ್ತು ಮ್ಯಾಸಚೂಸೆಟ್ಸ್‌ನಲ್ಲಿ ಕನಿಷ್ಠ ಕೂಲಿ 15 ಡಾಲರ್, ಹಾಗಾಗಿ ಅದೇ ಒಂದು ಡಾಲರ್ ನಾಲ್ಕು ನಿಮಿಷದ ಕೆಲಸ. ಕನ್ನಡದಲ್ಲಿ ಸ್ಕಾಲರ್‌ಶಿಪ್‌ಗೆ ನಾವು ವಿದ್ಯಾರ್ಥಿವೇತನ ಎನ್ನುತ್ತೇವೆ. ವೇತನ ಎಂದರೆ ಸಂಬಳ. ಓದುವ ಮಕ್ಕಳಿಗೆ ಸಂಬಳ ಯಾಕೆ ಎಂದು ಚಿಕ್ಕಂದಿನಲ್ಲಿ ನನಗೆ ಈ ಪದ ವಿಚಿತ್ರವಾಗಿ ಕೇಳಿಸುತ್ತಿತ್ತು. ಫಾಲ್ ರಿವರ್‌ಗೆ ಅದು ಸರಿಯಾಗಿ ಹೊಂದುತ್ತದೆ. ಅಲ್ಲಿ ಅದು ನಿಜವಾಗಿಯೂ ಯಾರದೋ ಒಂದು ಗಂಟೆಯ ಸಂಬಳವೇ ಆಗಿತ್ತು.

ಸರ್ಕಾರ ಆಗ ಏನು ಮಾಡುತ್ತಿತ್ತು ಎಂದು ಕೇಳಬಹುದು. ಎರಡನೇ ಮಹಾಯುದ್ಧದ ಸೈನಿಕರಿಗೆ 1944ರ ಜಿಐ ಬಿಲ್ ಕಾಲೇಜಿನ ಬಾಗಿಲು ತೆರೆದಿತ್ತು. ಅವರ ನಂತರ ಬಂದ ಬಡ ಮಕ್ಕಳಿಗೆ ಅಂಥದ್ದೇನೂ ಇರಲಿಲ್ಲ. 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ವಾಷಿಂಗ್ಟನ್‌ಗೆ ಗಾಬರಿಯಾಯಿತು. ಮರುವರ್ಷ ವಿದ್ಯಾರ್ಥಿಗಳಿಗೆ ಸಾಲ ಕೊಡುವ ಕಾಯ್ದೆ ಬಂತು. ಗಮನಿಸಿ, ಅದು ಸಾಲ. ಬಡ ವಿದ್ಯಾರ್ಥಿಗಳಿಗೆ ಹಿಂದಿರುಗಿಸಬೇಕಾಗಿಲ್ಲದ ಅನುದಾನ ಬಂದದ್ದು 1965ರ ಉನ್ನತ ಶಿಕ್ಷಣ ಕಾಯ್ದೆಯ ಮೂಲಕ. ಈಗಿನ ಪೆಲ್ ಗ್ರಾಂಟ್‌ನ ಬೀಜ ಬಿದ್ದದ್ದು 1972ರಲ್ಲಿ. ಒಬ್ಬ ಕನ್ನಡಕದ ಡಾಕ್ಟರ್ ಮತ್ತು ಒಂದು ಬಡ ಊರು ಏಳು ವರ್ಷ ಮುಂಚೆಯೇ ಹೊರಟಿದ್ದವು.

1961ರಲ್ಲಿ ಇದು ರಾಷ್ಟ್ರಮಟ್ಟದ ಸಂಸ್ಥೆಯಾಯಿತು. ಬೇರೆ ಬೇರೆ ಊರುಗಳಲ್ಲಿ ಶಾಖೆಗಳು ಹುಟ್ಟಿದವು. ಶಾಖೆ ನಡೆಸುವವರು ಆಯಾ ಊರಿನ ಸ್ವಯಂಸೇವಕರು, ಕೂಡಿಸಿದ ಹಣ ಆಯಾ ಊರಿನ ಮಕ್ಕಳಿಗೆ. ಈಗ ಸಂಸ್ಥೆಯ ಹೆಸರು ಸ್ಕಾಲರ್‌ಶಿಪ್ ಅಮೆರಿಕ, ಕೇಂದ್ರ ಕಚೇರಿ ಮಿನೆಸೋಟದಲ್ಲಿದೆ. ಇದುವರೆಗೆ 30 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ 500 ಕೋಟಿ ಡಾಲರ್‌ಗಿಂತ ಹೆಚ್ಚು ಹಂಚಲಾಗಿದೆ. ಈ ದೊಡ್ಡ ಸಂಖ್ಯೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ದೊಡ್ಡ ಕಂಪನಿಗಳು ಕೊಡುವ ವಿದ್ಯಾರ್ಥಿವೇತನಗಳ ನಿರ್ವಹಣೆಯನ್ನೂ ಈ ಸಂಸ್ಥೆಯೇ ಮಾಡುತ್ತದೆ, ಆ ಹಣವೂ ಇದರಲ್ಲಿ ಸೇರಿದೆ. ಇದೆಲ್ಲವೂ ಒಂದೊಂದು ಡಾಲರ್‌ನಿಂದ ಕೂಡಿದ್ದಲ್ಲ.

ಇದನ್ನು ಓದುವಾಗ ನಮ್ಮ ಕಡೆಯ ವಾರಾನ್ನ ನೆನಪಾಗದೆ ಇರುವುದಿಲ್ಲ. ಹಳ್ಳಿಯಿಂದ ಓದಲು ಪೇಟೆಗೆ ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ, ಹೀಗೆ ಏಳು ದಿನ ಏಳು ಮನೆಯಲ್ಲಿ ಊಟ ಮಾಡಿ ಓದು ಮುಗಿಸುತ್ತಿದ್ದ. ಯಾವ ಮನೆಗೂ ಹೊರೆ ಇಲ್ಲ, ಹುಡುಗನಿಗೆ ಉಪವಾಸವಿಲ್ಲ. ಲೆಕ್ಕ ಫ್ರಾಡ್ಕಿನ್ ಅವರದೇ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ವಾರಾನ್ನ ಹೆಚ್ಚಾಗಿ ಜಾತಿಯೊಳಗೇ ನಡೆಯುತ್ತಿತ್ತು. ಅಡುಗೆಮನೆಯ ಹತ್ತಿರ ಯಾರು ಬರಬಹುದು ಎಂಬ ಪ್ರಶ್ನೆ ದಾಟಿಯೇ ತಟ್ಟೆ ಸಿಗುತ್ತಿತ್ತು. ಹೆಣ್ಣುಮಕ್ಕಳ ಮಾತೇ ಇರಲಿಲ್ಲ. ಅದಕ್ಕಾಗಿಯೇ ಕರ್ನಾಟಕದಲ್ಲಿ ಉಚಿತ ವಿದ್ಯಾರ್ಥಿನಿಲಯಗಳ ಚರಿತ್ರೆ ಅಷ್ಟು ಮುಖ್ಯವಾದದ್ದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಆ ದಾಸೋಹಕ್ಕೆ ರೈತರು ತಾವು ಬೆಳೆದ ದವಸ ತಂದು ಕೊಡುತ್ತಿದ್ದರು. ಹಣವಿಲ್ಲದವನು ರಾಗಿ ಕೊಡಬಹುದಿತ್ತು. ಫಾಲ್ ರಿವರ್‌ನ ಡಾಲರ್‌ಗೂ ಆ ರಾಗಿಗೂ ಹತ್ತಿರದ ಸಂಬಂಧವಿದೆ ಎಂದು ನನಗೆ ಅನಿಸುತ್ತದೆ. ಎರಡರಲ್ಲೂ ಕೊಡುವವನು ಪಡೆಯುವವನಿಗಿಂತ ಬಹಳ ಮೇಲಿನವನಲ್ಲ.

ಈ ಚರಿತ್ರೆಯಲ್ಲಿ ಇತ್ತೀಚಿನ ಒಂದು ತಿರುವು ಇದೆ, ಪೋಷಕರಿಗೆ ಇದು ತಿಳಿದಿರಬೇಕು. ಊರಿನವರು ಕೂಡಿಸಿ ಒಬ್ಬ ವಿದ್ಯಾರ್ಥಿನಿಗೆ 2,000 ಡಾಲರ್ ಕೊಟ್ಟರು ಎಂದುಕೊಳ್ಳಿ. ಕೆಲವು ಕಾಲೇಜುಗಳು "ನಿನಗೆ ಹೊರಗಿನಿಂದ ಹಣ ಬಂದಿದೆಯಲ್ಲ" ಎಂದು ತಾವು ಕೊಡಬೇಕಿದ್ದ ಸಹಾಯಧನದಲ್ಲಿ ಅಷ್ಟನ್ನೇ ಕಡಿಮೆ ಮಾಡುತ್ತವೆ. ಆಗ ಆ ಹುಡುಗಿಗೆ ಒಂದು ಡಾಲರ್ ಕೂಡ ಹೆಚ್ಚು ಸಿಗುವುದಿಲ್ಲ. ಊರಿನವರು ತಮಗೇ ತಿಳಿಯದಂತೆ ಕಾಲೇಜಿಗೆ ದಾನ ಮಾಡಿರುತ್ತಾರೆ. ಸ್ಕಾಲರ್‌ಶಿಪ್ ಅಮೆರಿಕ ಇದರ ವಿರುದ್ಧ ಬಹಳ ಕಾಲದಿಂದ ಮಾತಾಡುತ್ತಿದೆ. ಹಾಗೆ ಕಡಿತ ಮಾಡುವುದಿಲ್ಲ ಎಂದು ಒಪ್ಪುವ ಕಾಲೇಜುಗಳ ಜೊತೆ ಒಪ್ಪಂದವನ್ನೂ ಮಾಡಿಕೊಂಡಿದೆ. 2017ರಲ್ಲಿ ಮೇರಿಲ್ಯಾಂಡ್ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಇದನ್ನು ಕಾನೂನಿನಿಂದ ನಿರ್ಬಂಧಿಸಿದ ಮೊದಲ ರಾಜ್ಯವಾಯಿತು. ನ್ಯೂಜರ್ಸಿ, ಕ್ಯಾಲಿಫೋರ್ನಿಯದಂಥ ಇನ್ನೂ ಕೆಲವು ರಾಜ್ಯಗಳು ನಂತರ ಕಾನೂನು ತಂದವು. ಎಲ್ಲ ಕಡೆ ಅಂಥ ಕಾನೂನು ಇಲ್ಲ.

ಫ್ರಾಡ್ಕಿನ್ 2016ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಈ ವರ್ಷ ಪದವಿ ಪಡೆಯುತ್ತಿರುವ ನಮ್ಮ ಅಕ್ಕ ಅಣ್ಣಂದಿರಲ್ಲಿ ಹಲವರು ಬರುವ ತಿಂಗಳುಗಳಲ್ಲಿ ಇಂಥ ಊರಿನ ನಿಧಿಗಳಿಗೆ ಅರ್ಜಿ ಹಾಕುತ್ತಾರೆ. ಅರ್ಜಿಯಲ್ಲಿ ಎಷ್ಟು ಗಂಟೆ ಸಮಾಜಸೇವೆ ಮಾಡಿದ್ದೀರಿ ಎಂದು ಕೇಳುವ ಸಾಲು ಸಾಮಾನ್ಯವಾಗಿ ಇರುತ್ತದೆ. ಆಹಾರ ಬ್ಯಾಂಕಿನಲ್ಲಿ ಡಬ್ಬಿ ಜೋಡಿಸಿದ ಗಂಟೆಗಳನ್ನು ಅಲ್ಲಿ ಬರೆಯಿರಿ. ಅದರ ಜೊತೆಗೆ, ಕಾಲೇಜಿನ ಹಣಕಾಸು ಕಚೇರಿಗೆ ಒಂದು ಪತ್ರ ಬರೆದು, ಹೊರಗಿನ ವಿದ್ಯಾರ್ಥಿವೇತನ ಬಂದರೆ ನಮ್ಮ ಸಹಾಯಧನ ಕಡಿಮೆಯಾಗುತ್ತದೆಯೇ ಎಂದು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.